ಸಮಸ್ಯಾಪೂರಣ: ‘ಉಂಡವನೇ ಹಸಿದನುಣದವನೆ ತಣಿದನಲಾ’

ಸಮಸ್ಯೆ

ಪದ್ಯಪ್ರಿಯರಿಗೆಲ್ಲ ನಮಸ್ಕಾರ. ಈ ಸಲದ ಪೂರಣಕ್ಕೆ ಲೋಭವನ್ನು ವಸ್ತುವಾಗಿ ಇಟ್ಟುಕೊಂಡು ಕಂದಪದ್ಯದ ನಾಲ್ಕನೆಯ ಪಾದವನ್ನು ಕೊಡುತ್ತಿದ್ದೇನೆ:

ಉಂಡವನೇ ಹಸಿದನುಣದವನೆ ತಣಿದನಲಾ

ಉಂಡವನು ಹಸಿಯುವುದೂ ಉಣ್ಣದವನು ತಣಿಯುವುದೂ ಲೋಕಕ್ಕೆ ವಿರುದ್ಧವಾದ ಮಾತು. ಆ ವಿರೋಧವನ್ನು ಉಳಿದ ಮೂರು ಪಾದಗಳು ಪರಿಹರಿಸಬೇಕು. ಒಂದು ಮತ್ತು ಮೂರನೆಯ ಪಾದಗಳಿಗೆ 12 ಮಾತ್ರೆ, ಎರಡು ಮತ್ತು ನಾಲ್ಕನೆಯವಕ್ಕೆ 20 ಮಾತ್ರೆ ಎಂಬುದು ತಮಗೆಲ್ಲ ತಿಳಿದದ್ದೇ. ದೊಡ್ಡ ಪಾದಗಳ ನಡುವಿನ ನಾಲ್ಕು ಮಾತ್ರೆಯ ಗಣ ಲಘು-ಗುರು-ಲಘುವಿನ ಜಗಣವಾಗಿರಬೇಕು ಇಲ್ಲವೆ ನಾಲ್ಕೂ ಲಘುಗಳ ಸರ್ವಲಘುವಾಗಿರಬೇಕು. ಸರ್ವಲಘುವಾದರೆ ಮೊದಲ ಲಘುವಿನ ಬಳಿಕ ಯತಿ ಬೀಳಬೇಕು. ಇಲ್ಲಿ ಆ ಗಣ ‘ದನುಣದ’. ಗಟ್ಟಿಯಾಗಿ ಓದಿ ನೋಡಿ: ‘ಹಸಿದ’ ಎಂಬಲ್ಲಿ ಉಸಿರು ನಿಂತು, ‘ನುಣದವನೆ’ ಎಂದು ಮತ್ತೆ ಹೊರಡುತ್ತದೆ. ಹಸಿದವನಿಗೂ ತಣಿದವನಿಗೂ ನಡುವಣ ಗಡಿ ಸರಿಯಾಗಿ ಆ ಯತಿಯಲ್ಲಿಯೇ ಇದೆ. ಆದಿಪ್ರಾಸ, ಅಂದರೆ ಪ್ರತಿ ಪಾದದಲ್ಲಿಯೂ ಒಂದೇ ಆಗಿರಬೇಕಾದ ಎರಡನೆಯ ಅಕ್ಷರ, ಬಿಂದುವಿನ ಮುಂದಿನ ಡಕಾರ. ಪಾಂಡವ, ಭಂಡಾರ, ತಂಡುಲ (ಅಕ್ಕಿ) ಮೊದಲಾಗಿ ಈ ವಸ್ತುವಿಗೆ ಒದಗುವ ಪದಗಳಿಗೆ ಕೊರತೆಯಿಲ್ಲ.

ಒಂದು ಸೂಚನೆ. ಜಿಪುಣನ ಕಥೆಯನ್ನು ತಂದರೆ ಪದ್ಯ ಕೆಡುತ್ತದೆ. ಜಿಪುಣ ಉಣ್ಣುವುದೇ ಇಲ್ಲವಾದ್ದರಿಂದ ಅವನು ‘ಉಣದವ’ನ ಪಾಲಿಗೆ ಸೇರುತ್ತಾನೆ, ಆದರೆ ತಣಿಯುವುದಿಲ್ಲ.

ಮೊದಲ ಪೂರಣ

ಮಹಾಭಾರತದ ಉದ್ಯೋಗಪರ್ವವನ್ನು ನೆನೆದು ಬರೆದಿದ್ದೇನೆ. ತಪ್ಪಿದ್ದರೆ ತಿದ್ದಬೇಕು.

ಪಾಂಡವರೈದೂರ್ ಬೇಡಲು
ಖಂಡಿಸಿ ಸೂಜಿಮೊನೆ ನೆಲಮನೀಯದೆ ಛಲದಿಂ
ಕೊಂಡಂ ಕೌರವನೆಲ್ಲಂ
ಉಂಡವನೇ ಹಸಿದನುಣದವನೆ ತಣಿದನಲಾ

ಸಮಸ್ಯೆ ಕೊಟ್ಟವರ ಮಾತು

ಮಾನ್ಯರೇ, ಪದ್ಯದ ನಡೆ ಸೊಗಸಾಗಿದೆ. ‘ಸೂಜಿಮೊನೆ’ ಎಂಬ ಪದದ ಕೊನೆಯ ಲಘುವಿನ ಮೇಲೆ ಯತಿಯನ್ನು ನಿಲ್ಲಿಸಿದ ಜಾಣ್ಮೆಯನ್ನು ಬೇರೆಯಾಗಿ ಮೆಚ್ಚಬೇಕು. ಆದರೆ ತಾವು ‘ಛಲದಿಂ’ ಎಂದಿದ್ದೀರಿ, ನನ್ನ ತಕರಾರು ಆ ಒಂದು ಪದದ ಮೇಲೆ. ರನ್ನನ ದುರ್ಯೋಧನನನ್ನು ನೆನಪಿಸಿಕೊಳ್ಳಿ. ಕರ್ಣನ ಸಾವಿನ ಬಳಿಕ ಸಂಧಿಯ ಮಾತು ಬಂದಾಗ ಅವನು ‘ನೆಲಕಿರಿವೆನೆಂದು ಬಗೆದಿರೆ, ಚಲಕಿರಿವೆಂ’ ಎನ್ನುತ್ತಾನೆ. ಗೆಳೆಯನನ್ನು ಕೊಲ್ಲಿಸಿದ ಈ ನೆಲ ತನಗೆ ಪಾಳುನೆಲ, ಇದರೊಡನೆ ಮತ್ತೆ ಬಾಳುವೆನೇ ಎಂದು ಕೇಳುತ್ತಾನೆ. ಅದೂ ಕಂದಪದ್ಯವೇ. ನೆಲದ ಮೇಲಿನ ಆಸೆ ಸತ್ತ ಮೇಲೆಯೂ ಕಾದಾಟ ನಿಲ್ಲದ ಆ ಸ್ಥಿತಿಯನ್ನು ಲೋಭವೆಂದು ಕರೆದರೆ ರನ್ನನಿಗೆ ಅನ್ಯಾಯವಾಗುತ್ತದೆ. ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆಂದ ದಿನ ಅವನಲ್ಲಿದ್ದದ್ದು ಲೋಭ. ಎಲ್ಲರೂ ಮಡಿದ ಮೇಲೆ ಉಳಿದದ್ದು ಛಲ. ತಮ್ಮ ಪದ್ಯ ಮೊದಲನೆಯ ದಿನದ್ದು, ಪದ ಕೊನೆಯ ದಿನದ್ದು.

ಇನ್ನೊಂದು ಮಾತು: ಉಣದವನು ತಣಿದದ್ದು ಎಲ್ಲಿ? ಐದೂರನ್ನೂ ಪಡೆಯದ ಧರ್ಮರಾಯ ಯುದ್ಧವನ್ನು ಗೆದ್ದ ಮೇಲೆಯೂ ತಣಿಯಲಿಲ್ಲ, ಬಂಧುಗಳ ಸಾವಿಗಾಗಿ ಮರುಗಿದ. ಸಮಸ್ಯೆಯ ಅರ್ಧ ಪೂರಣವಾಗಿದೆ, ಅರ್ಧ ಹಾಗೆಯೇ ನಿಂತಿದೆ.

ಮೊದಲ ಪೂರಣದವರ ಮರುಮಾತು

ತಮ್ಮ ಮಾತನ್ನು ಒಪ್ಪಿದೆ. ಎರಡನೆಯ ಪಾದದ ಕೊನೆಯನ್ನು ‘ನೆಲಮನೀಯದೆ ತೃಷೆಯಿಂ’ ಎಂದು ತಿದ್ದಿಕೊಳ್ಳುತ್ತೇನೆ, ಮಾತ್ರೆಗೆ ಕುಂದಿಲ್ಲ. ಧರ್ಮರಾಯನ ವಿಷಯದಲ್ಲಿ ನನಗೆ ಉತ್ತರವಿಲ್ಲ.

ಎರಡನೆಯ ಪೂರಣ

ನಾನು ಲಿಂಗಸುಗೂರು ಸೀಮೆಯವಳು. ಆಯ್ದಕ್ಕಿ ಮಾರಯ್ಯ ನಮ್ಮ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವನು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕವಾಗಿತ್ತು. ಒಂದು ದಿನ ಎಂದಿನ ಅಳತೆಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಲೆಗೆ ಇಡಲಿಲ್ಲ. ‘ಒಮ್ಮನವ ಮೀರಿ ಇಮ್ಮನದಲ್ಲಿ ತಂದಿರಿ’ ಎಂದು ಕೇಳಿ, ಅಲ್ಲಿಯೇ ಸುರಿದು ಬನ್ನಿ ಎಂದು ಕಳುಹಿಸಿದಳು. ಆಸೆಯೆಂಬುದು ಅರಸನಿಗಲ್ಲದೆ ಶಿವಭಕ್ತರಿಗುಂಟೆ ಎಂದು ಕೇಳಿದವಳೂ ಅವಳೇ. ನನ್ನ ಪದ್ಯ ಅವಳ ಆ ಮಾತನ್ನು ಹಿಡಿದು ಹೊರಟಿದೆ.

ತಂಡುಲಮಂ ಪಿಡಿ ಮಿಗಿಲಂ
ಕಂಡಾ ಲಕ್ಕಮ್ಮ ದೊರೆಯ ಹಸಿವಿದೆನುತಿರಲ್
ಕೊಂಡೊಯ್ದೀಡಾಡಿದನೈ
ಉಂಡವನೇ ಹಸಿದನುಣದವನೆ ತಣಿದನಲಾ

ನಮ್ಮ ಅಜ್ಜಿ ಅಕ್ಕಿ ಕೇರುವಾಗ ಮೊರದಿಂದ ಸಿಡಿದು ಕಲ್ಲುಹಾಸಿನ ಸಂದಿಗೆ ಬಿದ್ದ ಕಾಳನ್ನು ಬೆರಳ ತುದಿ ಒದ್ದೆ ಮಾಡಿಕೊಂಡು ಒಂದೊಂದಾಗಿ ಎತ್ತುತ್ತಿದ್ದಳು. ಎತ್ತಿದ್ದನ್ನು ಮಾತ್ರ ಮನೆಯ ಅನ್ನಕ್ಕೆ ಬೆರೆಸುತ್ತಿರಲಿಲ್ಲ, ಅಂಗಳದ ಹಕ್ಕಿಗೆ ಹಾಕುತ್ತಿದ್ದಳು. ಅಳೆದು ಹಾಕಿದ ಮೇಲೆ ಮತ್ತೆ ಕೂಡಿಸಬಾರದು ಎಂಬುದು ಅವಳ ಮಾತು. ಈ ಪದ್ಯ ಬರೆಯುವಾಗ ಆ ಒದ್ದೆ ಬೆರಳೇ ಕಣ್ಣ ಮುಂದಿತ್ತು.

ಸಮಸ್ಯೆ ಕೊಟ್ಟವರ ಮಾತು

ತಾಯೀ, ಸಮಸ್ಯೆಯನ್ನು ಕಟ್ಟುವಾಗ ನನಗೇ ಹೊಳೆಯದಿದ್ದ ಅರ್ಥವನ್ನು ತಾವು ಅದರೊಳಗಿಂದ ತೆಗೆದಿದ್ದೀರಿ. ಉಂಡೂ ಹಸಿದವನನ್ನು ‘ದೊರೆಯ ಹಸಿವು’ ಎಂಬ ಎರಡೇ ಪದಗಳಲ್ಲಿ ತಂದು, ಉಣದೆ ತಣಿದವನನ್ನು ಕಣ್ಣೆದುರು ನಿಲ್ಲಿಸಿದ್ದರಿಂದ ಎರಡು ಅರ್ಧಗಳೂ ತುಂಬಿವೆ. ಮಹಾಭಾರತದ ಲೋಭ ರಾಜ್ಯದಷ್ಟು ದೊಡ್ಡದು, ಅದನ್ನು ಯಾರಾದರೂ ಗುರುತಿಸಬಲ್ಲರು. ಹಿಡಿಯಕ್ಕಿಯಲ್ಲಿ ಅದನ್ನು ಗುರುತಿಸಲು ಲಕ್ಕಮ್ಮನಂಥ ಕಣ್ಣು ಬೇಕು. ಅದೂ ಬಡವರ ಮನೆಯಲ್ಲಿ, ನಾಳೆಗೆ ಆಗುತ್ತಿದ್ದ ಅಕ್ಕಿಯಲ್ಲಿ. ಅವಳ ‘ಮನ’ ಎಂಬ ಪದದಲ್ಲಿ ಅಳತೆಯೂ ಇದೆ, ಮನಸ್ಸೂ ಇದೆ. ಅಳತೆ ಎರಡಾದರೆ ಮನಸ್ಸೂ ಎರಡಾಗುತ್ತದೆ ಎಂಬುದನ್ನು ಒಂದು ಶ್ಲೇಷದಲ್ಲಿ ಹೇಳಿದ ಆ ಹೆಣ್ಣುಮಗಳ ಮುಂದೆ ನಮ್ಮ ಪೂರಣಗಳೆಲ್ಲ ಚಿಕ್ಕವಾಗಿ ಕಾಣುತ್ತವೆ.

ಮೂರನೆಯ ಪೂರಣ, ಅಪೂರ್ಣ

ಸಮಸ್ಯೆ ಕೊಟ್ಟವನು ತಾನೂ ಪೂರಣ ಮಾಡಬೇಕೆಂಬ ನಮ್ಮ ಪದ್ಧತಿಯಂತೆ ನಾನೂ ಕುಳಿತೆ. ಎರಡು ಪಾದಗಳಾದವು, ಮೂರನೆಯದು ಬರುತ್ತಿಲ್ಲ.

ಸಂಡೂರಿನ ಗುಡ್ಡಗಳಂ
ತುಂಡರಿಸುತೆ ಲಾರಿಯೇರಿಸಿದನಾ ಲುಬ್ಧಂ

2009ರ ಬೇಸಗೆಯಲ್ಲಿ ಹೊಸಪೇಟೆಯಿಂದ ಸಂಡೂರಿಗೆ ಹೋಗಿದ್ದೆ. ದಾರಿಯುದ್ದಕ್ಕೂ ಅದಿರಿನ ಲಾರಿಗಳು ಒಂದರ ಬೆನ್ನಿಗೊಂದು ನಿಂತಿದ್ದವು. ರಸ್ತೆಬದಿಯ ಬೇವಿನ ಮರ ಬುಡದಿಂದ ತುದಿಯವರೆಗೆ ಕೆಂಪಾಗಿತ್ತು. ಎಲೆಯೊಂದನ್ನು ಕಿತ್ತು ಹೆಬ್ಬೆರಳಿನಿಂದ ಉಜ್ಜಿದಾಗ ಮಾತ್ರ ಅಡಿಯಲ್ಲಿ ಹಸಿರು ಕಂಡಿತು. 2011ರ ಜುಲೈಯಲ್ಲಿ ಲೋಕಾಯುಕ್ತದ ವರದಿ ಸರ್ಕಾರದ ಕೈಸೇರಿದ್ದೂ ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದದ್ದೂ ಎಲ್ಲರಿಗೂ ಗೊತ್ತಿದೆ. ಗುಡ್ಡವನ್ನು ಉಂಡವನ ಹಸಿವು ಮುಂದಿನ ಗುಡ್ಡದತ್ತ ಹೊರಳಿದ್ದನ್ನು ನಾವೇ ಕಂಡಿದ್ದೇವೆ, ಆದ್ದರಿಂದ ಸಮಸ್ಯೆಯ ಮೊದಲರ್ಧಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಎರಡನೆಯರ್ಧದಲ್ಲಿಯೇ ತೊಡಕಿರುವುದು. ಗೆಳೆಯರೊಬ್ಬರು ‘ಬಂಡಿಯ ರೈತಂ ನಕ್ಕಂ’ ಎಂಬ ಪಾದವನ್ನು ಕಳುಹಿಸಿದರು. 12 ಮಾತ್ರೆ ಸರಿಯಾಗಿದೆ, ಪ್ರಾಸವೂ ಸರಿಯಾಗಿದೆ. ಆದರೂ ನಾನು ಅದನ್ನು ಸೇರಿಸಲಾರೆ. ಅಂದು ನಾನು ಮಾತನಾಡಿಸಿದ ರೈತರೊಬ್ಬರು ಶೇಂಗಾ ಹೊಲದ ಬದುವಿನ ಮೇಲೆ ಕುಳಿತಿದ್ದರು. ದೂಳು ಕೂತ ಬೆಳೆಯನ್ನು ದನವೂ ಮೂಸುತ್ತಿಲ್ಲ ಎಂದು ಹೇಳಿ ಸುಮ್ಮನಾದರು. ಅವರು ನಗಲಿಲ್ಲ. ಮಾರಯ್ಯ ಅಕ್ಕಿಯನ್ನು ತಾನೇ ಸುರಿದು ಬಂದವನು, ಅವನ ತಣಿವು ದಿಟ. ಈ ರೈತರ ಬಾಯಿಂದ ತುತ್ತು ಕಿತ್ತುಹೋಗಿತ್ತು. ಅವರನ್ನು ತಣಿದವರೆಂದು ಬರೆದರೆ ಛಂದಸ್ಸು ಉಳಿದು ಮಾತು ಸುಳ್ಳಾಗುತ್ತದೆ.

ಹಾಗಾಗಿ ಮೂರನೆಯ ಪಾದವನ್ನು ತಮ್ಮೆಲ್ಲರ ಮುಂದೆ ಖಾಲಿ ಬಿಟ್ಟಿದ್ದೇನೆ. 12 ಮಾತ್ರೆ, ಮೊದಲಕ್ಷರ ಗುರು, ಎರಡನೆಯದು ಡಕಾರ. ಸಂಡೂರಿನಲ್ಲಿ ಉಣದೆ ತಣಿದವನೊಬ್ಬನನ್ನು ತಮ್ಮಲ್ಲಿ ಯಾರಾದರೂ ಕಂಡಿದ್ದರೆ, ಅವನನ್ನು ಆ ಪಾದದಲ್ಲಿ ಕೂರಿಸಿ ಕಳುಹಿಸಿ.