ಅಪ್‌ಡೇಟ್: ಜಿಮ್‌ನವರು ಮೆಂಬರ್‌ಶಿಪ್ ಬ್ಲಾಕ್ ಮಾಡಿದ್ದರಲ್ಲ, ಅದು ವಾಪಸ್ ಸಿಕ್ಕಿತು

ಹೋದ ತಿಂಗಳು ಇಲ್ಲೇ ನಿಮ್ಮನ್ನೆಲ್ಲ ಕೇಳಿದ್ದೆ: ಬೆಂಗಳೂರಿನ ಒಂದು ಕಡಿಮೆ ಫೀಸಿನ ಚೈನ್ ಜಿಮ್‌ನಲ್ಲಿ ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತೋದು) ಮಾಡುವಾಗ ಬಾರ್ ಧಪ್ ಅಂತ ಬಿಟ್ಟೆ, ಮಾರನೇ ದಿನ ಆ್ಯಪ್‌ನಲ್ಲಿ ಎಂಟ್ರಿನೇ ಬ್ಲಾಕ್, ಇನ್ನೂ ಒಂಬತ್ತು ತಿಂಗಳ ದುಡ್ಡು ಅವರ ಹತ್ತಿರ ಇದೆ, ಏನು ಮಾಡಲಿ ಅಂತ.

ಸೈನ್ ಮಾಡಿದ ಫಾರ್ಮ್ ಮೊದಲು ಓದಿ ಅಂದಿರಿ, ಓದಿದೆ. ಭಾರ ಎತ್ತಿ ಹಾಕಬಾರದು ಅನ್ನೋ ನಿಯಮ ನಿಜಕ್ಕೂ ಇತ್ತು. ಆದರೆ ಮೊದಲು ಬಾಯಿಮಾತಿನ ಎಚ್ಚರಿಕೆ, ಆಮೇಲೆ ಇಮೇಲ್, ಕೊನೆಗೆ ರದ್ದು ಅಂತ ಬರೆದಿದೆ. ನನಗೆ ಎರಡೂ ಬಂದಿರಲಿಲ್ಲ.

ಅದನ್ನೇ ಮ್ಯಾನೇಜರ್‌ಗೆ ತೋರಿಸಿದೆ. ಸರಿಯಾದ ಕಾರಣ ಇಲ್ಲದೆ ಒಂದೇ ಕಡೆಯಿಂದ ಒಪ್ಪಂದ ಮುರಿಯೋಕೆ ಬಿಡುವ ಷರತ್ತನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನ್ಯಾಯದ ಒಪ್ಪಂದ ಅನ್ನುತ್ತೆ, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡ್ತೀನಿ ಅಂದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ, ಗೊತ್ತಿರಲಿ.

ಆಗ ಅವರು ರ‍್ಯಾಕ್ ಹತ್ತಿರ ಕರ್ಕೊಂಡು ಹೋಗಿ ರಬ್ಬರ್ ಮ್ಯಾಟ್ ಎತ್ತಿ ತೋರಿಸಿದರು. ಕೆಳಗಿನ ಟೈಲ್ ಸೀಳಿತ್ತು. ಅದರ ಕೆಳಗಡೆ ಹಲ್ಲಿನ ಕ್ಲಿನಿಕ್. ಡಾಕ್ಟರ್ ಕೈಯಲ್ಲಿ ಡ್ರಿಲ್ ಇರುವಾಗ ಮೇಲೆ ಎಂಬತ್ತು ಕೆಜಿ ಬಿದ್ದರೆ ಹೇಗಿರುತ್ತೆ ಹೇಳಿ. ತಪ್ಪು ನನ್ನದೇ, ಅಲ್ಲೇ ಕ್ಷಮೆ ಕೇಳಿದೆ. ಅಮೆರಿಕದ ಪ್ಲಾನೆಟ್ ಫಿಟ್‌ನೆಸ್ ಅನ್ನೋ ಜಿಮ್‌ನಲ್ಲಿ ಭಾರ ಬಿಟ್ಟರೆ ಸೈರನ್ ಹೊಡೀತಾರೆ, ಅದಕ್ಕಿಂತ ಹೀಗೆ ತೋರಿಸಿ ಹೇಳೋದೇ ಎಷ್ಟೋ ವಾಸಿ.

ಬ್ಲಾಕ್ ತೆಗೆದು, ಅದರಿಂದ ನಷ್ಟವಾದ ಹನ್ನೆರಡು ದಿನ ಸೇರಿಸಿ ಕೊಟ್ಟರು. ಬೆವರು ಒರೆಸದೆ ಬೆಂಚ್ ಬಿಟ್ಟು ಹೋಗುವವರಿಗೂ ಇದೇ ನಿಯಮ ಹಾಕಿ ಅಂತ ಕೇಳಿದ್ದೀನಿ, ಇನ್ನೂ ಉತ್ತರ ಬಂದಿಲ್ಲ.