ಹಳೇ ಸ್ಟೂಡೆಂಟ್ಸ್ ಸಂಘ ಶುರು ಮಾಡ್ತಿದೀವಿ, ಶಾಲು-ಸನ್ಮಾನ ಬಿಟ್ಟು ಇನ್ನೇನು ಮಾಡ್ಬಹುದು? ಅನುಭವ ಇದ್ದೋರು ಹೇಳಿ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಲ್ಲಿ, ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಮಾಡಿದವಳು. ನಮ್ಮ ವಿಭಾಗದಲ್ಲಿ ಓದಿ ಹೋದೋರೆಲ್ಲ ಸೇರಿ ಒಂದು ಸಂಘ ಮಾಡೋಣ ಅಂತ ಮಾತಾಡ್ಕೊಂಡಿದೀವಿ. ಎಲ್ಲರ ತಲೇಲೂ ಮೊದಲು ಬರೋದು ಒಂದೇ, ಸಾಧನೆ ಮಾಡಿರೋರನ್ನ ಕರೆದು ಶಾಲು, ಹಾರ, ಮೈಸೂರು ಪೇಟ, ಆಮೇಲೆ ಊಟ, ಗ್ರೂಪ್ ಫೋಟೋ. ಅದು ಬೇಡ ಅಂತಲ್ಲ, ನಮ್ಮೋರು ಗೆದ್ರೆ ನಾವಲ್ದೆ ಇನ್ಯಾರು ಖುಷಿ ಪಡ್ತಾರೆ, ಆದ್ರೆ ಅಲ್ಲಿಗೇ ಮುಗಿದುಹೋಗ್ಬಾರ್ದು ಅನ್ನೋದು ನನ್ನಾಸೆ. ಸಾಧಕರು ಅಂತ ಯಾರನ್ನ ಆರಿಸ್ಬೇಕು, ದುಡ್ಡು ಹೆಂಗೆ ನೋಡ್ಕೋಬೇಕು, ಓದು ಮುಗಿಸಿ ಚದುರಿ ಹೋದೋರು ಒಬ್ಬರಿಗೊಬ್ಬರು ನಿಜವಾಗ್ಲೂ ಆಗಿಬರೋ ಹಾಗೆ ಏನು ಮಾಡ್ಬಹುದು? ಮಾಡಿ ನೋಡಿದೋರು ದಯವಿಟ್ಟು ಬರೀರಿ.

ಬೆಂಗಳೂರಿಂದ, ಸಿವಿಲ್ ಇಂಜಿನಿಯರ್

ಮೇಡಂ, ನಮ್ದು ಕೆ.ಆರ್. ಸರ್ಕಲ್ ಕಾಲೇಜು, ಯುವಿಸಿಇ, ಅಂದ್ರೆ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜು. 1917ರಲ್ಲಿ ಸರ್ ಎಂವಿ ಶುರು ಮಾಡಿದ್ದು, ಮೊದಲು ನಿಮ್ಮ ಮೈಸೂರು ವಿವಿ ಕೆಳಗೇ ಇತ್ತು, ಆಮೇಲೆ ಬೆಂಗಳೂರು ವಿವಿಗೆ ಬಂತು, 2021ರ ಕಾಯ್ದೆ ಆದ್ಮೇಲೆ ಈಗ ಅದೇ ಒಂದು ವಿಶ್ವವಿದ್ಯಾಲಯ. ಸಾಧಕರಿಗೇನೂ ಬರ ಇಲ್ಲ, ರೊದ್ದಂ ನರಸಿಂಹ ಅವರಂಥ ವಿಜ್ಞಾನಿ 1953ರಲ್ಲಿ ಬಿಇ ಮುಗಿಸಿದ್ದು ಇಲ್ಲೇ. ಅಲ್ಲೇ ಹತ್ತಿರದ ಸೆಂಟ್ರಲ್ ಕಾಲೇಜಲ್ಲಿ ಓದಿದೋರನ್ನ ತಗೊಂಡ್ರೆ ರಾಜಾಜಿ, ಸರ್ ಎಂವಿ, ಸಿ.ಎನ್.ಆರ್. ರಾವ್, ಮೂರು ಜನ ಭಾರತ ರತ್ನ. ಈ ಹೆಸರುಗಳನ್ನ ಹೊಸ ಹುಡುಗ್ರಿಗೆ ಹೇಳ್ಲೇಬೇಕು, ಹೇಳದಿದ್ರೆ ತಾವು ಎಂಥ ಜಾಗದಲ್ಲಿ ಕೂತಿದೀವಿ ಅಂತ ಅವರಿಗೆ ಗೊತ್ತಾಗೋದಾದ್ರೂ ಹೆಂಗೆ.

ಆದ್ರೆ ಹೆಮ್ಮೆ ಬೇರೆ, ದಾರಿ ಕಾಣೋದು ಬೇರೆ. ಚಳ್ಳಕೆರೆ ಕಡೆಯಿಂದ ಬಂದು ಹಾಸ್ಟೆಲಲ್ಲಿರೋ ಹುಡುಗನಿಗೆ ಭಾರತ ರತ್ನದವರ ಕಥೆ ಕೇಳಿದ್ರೆ ಮೈ ಜುಮ್ ಅನ್ನುತ್ತೆ ನಿಜ, ನಾಳೆ ಬೆಳಗ್ಗೆ ಎದ್ದು ತಾನೇನು ಮಾಡ್ಬೇಕು ಅಂತ ಹೇಳೋಕೆ ಅವನಿಗಿಂತ ನಾಲ್ಕೈದು ವರ್ಷ ಮುಂದೆ ಓದಿದೋರೇ ಬೇಕು. ನಾವು ಒಂದ್ಸಲ ದೊಡ್ಡ ಹುದ್ದೆಲಿರೋ ಇಬ್ಬರು ಹಿರಿಯರ ಜೊತೆಗೆ ಆಗ ತಾನೇ ನಾಲ್ಕು ವರ್ಷದ ಹಿಂದೆ ಪಾಸಾಗಿದ್ದ ಒಬ್ಬ ಹುಡುಗೀನೂ ವೇದಿಕೆ ಮೇಲೆ ಕೂರಿಸಿದ್ವಿ. ಹಿರಿಯರ ಭಾಷಣ ಆದ್ಮೇಲೆ ಪ್ರಶ್ನೆ ಕೇಳಿ ಅಂದ್ರೆ ಯಾರೂ ಎದ್ದೇಳ್ಲಿಲ್ಲ. ಆಮೇಲೆ ಹಿಂದಿನ ಸಾಲಿಂದ ಒಬ್ಬಳು ಎದ್ದು "ಅಕ್ಕ, ಸೈಟಿಗೆ ಹೋದ ಮೊದಲ ದಿನ ನಿಮಗೆ ಏನು ಕೆಲಸ ಕೊಟ್ರು?" ಅಂತ ಕೇಳಿದ್ಲು. "ಬಾರ್ ಬೆಂಡಿಂಗ್ ಶೆಡ್ಯೂಲ್, ಅಂದ್ರೆ ಯಾವ ಕಂಬಿ ಎಷ್ಟುದ್ದ, ಹೆಂಗೆ ಬಗ್ಗಿಸ್ಬೇಕು ಅನ್ನೋ ಪಟ್ಟಿ, ಕೈಗೆ ಕೊಟ್ಟು ಸ್ಲ್ಯಾಬಿನ ಕಂಬಿ ಎಲ್ಲ ಅದರ ಪ್ರಕಾರ ಇದ್ಯಾ ನೋಡಮ್ಮ ಅಂದ್ರು, ನನಗೆ ಅದನ್ನ ಓದೋಕೇ ಬರ್ತಿರ್ಲಿಲ್ಲ, ಕಂಬಿ ಕಟ್ಟೋ ಮೇಸ್ತ್ರಿ ಪಕ್ಕ ನಿಂತು ಕಲಿತೆ" ಅಂದ್ಲು. ಅಲ್ಲಿಂದ ಶುರುವಾಯ್ತು ನೋಡಿ, ಸಂಬಳ ಎಷ್ಟು, ಸೈಟಲ್ಲಿ ಹೆಣ್ಮಕ್ಕಳಿಗೆ ಟಾಯ್ಲೆಟ್ ಇರುತ್ತಾ, ಎಂಟೆಕ್‌ಗೆ ಗೇಟ್ ಬರೀಬೇಕಾ, ಸರ್ಕಾರಿ ಕೆಲಸಕ್ಕೆ ಕೆಪಿಎಸ್ಸಿಗೆ ಓದ್ಬೇಕಾ, ಊಟದ ಹೊತ್ತು ಮೀರಿದ್ರೂ ಹುಡುಗ್ರು ಎದ್ದೇಳ್ಲಿಲ್ಲ. ಆವತ್ತಿಂದ ನಮ್ಮಲ್ಲಿ ರೂಲು, ಎಷ್ಟೇ ಜನರನ್ನ ಗೌರವಿಸಲಿ, ಅದ್ರಲ್ಲಿ ಅರ್ಧ ಜನ ಇತ್ತೀಚಿಗೆ ಪಾಸಾದೋರಾಗಿರ್ಬೇಕು. ನೀವೂ ಹಂಗೇ ಮಾಡಿ.

ಧಾರವಾಡದಿಂದ, ಕರ್ನಾಟಕ ವಿಶ್ವವಿದ್ಯಾಲಯ

ಅಕ್ಕಾರ, ಸಾಧಕರು ಅಂದ್ರ ಯಾರು ಅನ್ನೂದನ್ನ ಮೊದಲ ಕುಂತು ಬಗಿಹರಿಸ್ಕೋರಿ. ಇಲ್ಲಾಂದ್ರ ಯಾರು ದೇಣಗಿ ಜಾಸ್ತಿ ಕೊಡ್ತಾರ ಅವರ ಹೆಗಲಿಗೇ ಶಾಲು ಹೋಗಿ ಕುಂದರ್ತದ, ಒಂದು ಸಂಘದಾಗ ಇದನ್ನ ನಾ ಕಣ್ಣಾರೆ ನೋಡೀನಿ, ನಾಕು ವರ್ಷದಾಗ ಅಲ್ಲಿ ಜನಾನ ಬರೂದು ಬಿಟ್ರು. ಇನ್ನೊಂದು, ನಮ್ಮ ವಿಷಯದಾಗ ಹೆಸರು ಮಾಡಿದವರು ಅಷ್ಟ ಸಾಧಕರು ಅನ್ನಬ್ಯಾಡ್ರಿ. ಗಿರೀಶ ಕಾರ್ನಾಡರು ಇಲ್ಲೇ ಕರ್ನಾಟಕ ಕಾಲೇಜಿನ್ಯಾಗ 1958ರಾಗ ಬಿಎ ಮುಗಿಸಿದ್ದು ಗಣಿತ, ಸಂಖ್ಯಾಶಾಸ್ತ್ರ ಓದಿ, ಅಲ್ಲಿಂದ ರೋಡ್ಸ್ ಸ್ಕಾಲರ್ ಆಗಿ ಆಕ್ಸ್‌ಫರ್ಡಿಗೆ ಹೋದ್ರು, 1998ರಾಗ ಜ್ಞಾನಪೀಠ ಬಂತು. ನಾಟಕ ಬರದವರಿಗೂ ಗಣಿತಕ್ಕೂ ಏನು ಸಂಬಂಧ ಅಂತ ಬಿಡಾಕ ಆಕ್ಕೈತೇನು?

ನಾವು ಗದಗ ಕಡೆ ಹೈಸ್ಕೂಲ್ ಮಾಸ್ತರಾಗಿರೂ ನಮ್ಮ ಸೀನಿಯರ್ ಒಬ್ರನ್ನ ಕರದು ಸನ್ಮಾನ ಮಾಡಿದ್ವಿ. ಅವರ ಕೈಯಾಗ ಕಲತ ಹುಡುಗೂರ ಪೈಕಿ ಈಗ ನಮ್ಮ ವಿಭಾಗದಾಗ ಓದಾವರೂ ಇದ್ರು, ಆ ಹುಡುಗೂರ ಕೈಲೇನ ಹಾರ ಹಾಕಿಸಿದ್ವಿ. ಹಂಗ ನಮ್ಮ ಹಾಸ್ಟೆಲ್ ಮೆಸ್ಸಿನ್ಯಾಗ ರೊಟ್ಟಿ ಬಡೀತಿದ್ದ ಅವ್ವಾರನ್ನೂ ಕರಸಿದ್ವಿ. ವೇದಿಕಿ ಮ್ಯಾಲೆ ಬರಾಕ ಒಲ್ಲೆ ಅಂದ್ರು, ಎಷ್ಟು ಹೇಳಿದ್ರೂ ಕೇಳಲಿಲ್ಲ. ಅದಕ್ಕ ನಾವ ಕೆಳಗಿಳದು ಅವರು ಕುಂತಲ್ಲೇ ಹೋದ್ವಿ. ಒಬ್ಬೊಬ್ಬರ ಮಾರಿ ಹಿಡದು ನೋಡಿ "ನೀ ಪುಂಡಿಪಲ್ಯ ಒಲ್ಲೆ ಅಂತಿದ್ದೆಲ್ಲ, ನೀ ರೊಟ್ಟಿ ಕಿಸೇದಾಗ ಇಟ್ಕೊಂಡು ಹೋಗ್ತಿದ್ದಿ" ಅಂತ ಗುರ್ತು ಹಿಡದ್ರು. ದೊಡ್ಡ ದೊಡ್ಡ ಆಫೀಸರು ಕಣ್ಣಾಗ ನೀರು ತಂದ್ರು.

ಮಂದೀನ ಹುಡುಕೂದು ಹೆಂಗ ಅಂದ್ರ, ವಿಭಾಗದಾಗ ಹಳೇ ಅಡ್ಮಿಶನ್ ರಜಿಸ್ಟರ್ ಇರ್ತಾವ, ಪರವಾನಗಿ ತಗೊಂಡು ಅದರಾಗಿನ ಹೆಸರು, ಊರು, ತಾಲೂಕು ಬರಕೋರಿ. ಬ್ಯಾಚಿಗೊಬ್ಬರ ಮ್ಯಾಲೆ ಜವಾಬ್ದಾರಿ ಹಾಕ್ರಿ. ಫೇಸ್‌ಬುಕ್ಕಿನ್ಯಾಗ ಇಲ್ಲದವರು ಭಾಳ ಮಂದಿ ಅದಾರ, ಅವರ ಊರಿನ ಸಾಲಿ ಮಾಸ್ತರಿಗೋ ಪಂಚಾಯ್ತಿಗೋ ಫೋನ್ ಹಚ್ಚಿದ್ರ ಸಿಗ್ತಾರ. ಹೆಣ್ಮಕ್ಕಳದು ಲಗ್ನ ಆದಮ್ಯಾಲೆ ಅಡ್ಡಹೆಸರು, ನಂಬರ್ ಎರಡೂ ಬದಲಾಗಿರ್ತಾವ, ಅವರನ್ನ ರೂಮ್‌ಮೇಟ್ ಕಡಿಂದನ ಹುಡುಕಬೇಕು. ಮತ್ತ ಮೊದಲನೇ ಫೋನಿನ್ಯಾಗ ರೊಕ್ಕದ ಮಾತು ತಗೀಬ್ಯಾಡ್ರಿ. ಹೆಂಗ ಅದೀರಿ, ಏನ್ ಮಾಡಾಕತ್ತೀರಿ, ನಿಮ್ಮ ಕಡೆ ಯಾರ್ಯಾರು ಅದಾರ, ಇಷ್ಟ ಕೇಳ್ರಿ.

ಹಾಸನದಿಂದ, ಆಡಿಟ್ ಕೆಲಸ

ದುಡ್ಡಿನ ವಿಚಾರ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ದಯವಿಟ್ಟು ಯಾರದೋ ಸ್ವಂತ ನಂಬರಿಗೆ ಫೋನ್‌ಪೇ ಮಾಡಿಸ್ಕೊಂಡು ಸಂಘ ನಡೆಸ್ಬೇಡಿ, ಎಷ್ಟೇ ಪ್ರಾಮಾಣಿಕರಾಗಿದ್ರೂ ಒಂದಿನ ಮಾತು ಬಂದೇ ಬರುತ್ತೆ, ಸ್ನೇಹಾನೂ ಹಾಳು. ಏಳು ಜನ ಸೇರಿದ್ರೆ ಸಾಕು, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ರಿಜಿಸ್ಟರ್ ಮಾಡಿಸ್ಬಹುದು. ಬೈಲಾದಲ್ಲಿ ಪದಾಧಿಕಾರಿಗಳ ಅವಧಿ ಎಷ್ಟು ವರ್ಷ, ಎಷ್ಟು ಸಲ ಮುಂದುವರಿಬಹುದು ಅನ್ನೋದನ್ನ ಮೊದಲೇ ಬರೆದುಬಿಡಿ. ಸಂಘದ ಹೆಸರಲ್ಲಿ ಬ್ಯಾಂಕ್ ಖಾತೆ, ಇಬ್ಬರ ಸಹಿ, ವರ್ಷಕ್ಕೊಂದು ಸರ್ವಸದಸ್ಯರ ಸಭೆ, ಆಡಿಟ್ ಆದ ಲೆಕ್ಕ, ಸಮಿತಿ ಪಟ್ಟಿ ನೋಂದಣಾಧಿಕಾರಿಗೆ ಸಲ್ಲಿಸೋದು, ಇದನ್ನ ತಪ್ಪಿಸ್ಬೇಡಿ.

ಹೊರದೇಶದ ದುಡ್ಡಿನ ಬಗ್ಗೆ ತುಂಬಾ ಜನಕ್ಕೆ ಗೊತ್ತಿರಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಕೊಂಡು ಅಲ್ಲಿ ಕೆಲಸ ಮಾಡ್ತಿರೋ ಕ್ಲಾಸ್‌ಮೇಟ್ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ರೆ ತೊಂದ್ರೆ ಇಲ್ಲ, ಆದ್ರೆ ಅಲ್ಲಿನ ಪೌರತ್ವ ತಗೊಂಡಿದ್ರೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋದು) ಇದ್ರೂನೂ, ಅದು ವಿದೇಶಿ ದೇಣಿಗೆ ಲೆಕ್ಕ, ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ಕಾಯ್ದೆ ಕೆಳಗಿನ ಅನುಮತಿ, ಇಲ್ದೆ ಮುಟ್ಟೋ ಹಾಗಿಲ್ಲ. ಹೊಸ ಸಂಘಕ್ಕೆ ಎಫ್‌ಸಿಆರ್‌ಎ ನೋಂದಣಿ ಕೂಡ್ಲೇ ಸಿಗಲ್ಲ, ಮೂರು ವರ್ಷ ಕೆಲಸ ಮಾಡಿದ ದಾಖಲೆ ಕೇಳ್ತಾರೆ. ಹಾಗಾಗಿ ಅವರ ಹತ್ರ ದುಡ್ಡು ಕೇಳೋ ಮೊದಲು ಪಾಸ್‌ಪೋರ್ಟ್ ಯಾವುದು ಅಂತ ಕೇಳಿ. ದೊಡ್ಡ ಮೊತ್ತ ಸೇರಿದ್ರೆ ವಿವಿಯಲ್ಲೇ ದತ್ತಿ ಇಡಿ, ಅಸಲು ಹಾಗೇ ಇರುತ್ತೆ, ಬಡ್ಡೀಲಿ ಪ್ರತಿ ವರ್ಷ ಪದಕವೋ ನಗದು ಬಹುಮಾನವೋ ಕೊಡ್ತಾರೆ. ಅಂದಹಾಗೆ ಕಾಲೇಜು, ವಿವಿಗಳ ಗುಣಮಟ್ಟ ಅಳೆಯೋ ನ್ಯಾಕ್ ಮೌಲ್ಯಮಾಪನದಲ್ಲಿ ಹಳೇ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಗೂ ಅಂಕ ಇತ್ತು. ಆದ್ರಿಂದ ವಿಭಾಗದೋರಿಗೂ ಸಂಘ ಬೇಕಾಗಿರುತ್ತೆ, ಸಂಕೋಚ ಇಲ್ದೆ ರೂಮು, ರಿಜಿಸ್ಟರು ಕೇಳಿ.

ಕೊಣಾಜೆಯಲ್ಲಿ ಓದಿದ್ದು, ಈಗ ಬೆಂಗಳೂರು

ಓದು ಮುಗಿದ ಮೇಲಿನ ಮೊದಲ ಎರಡು ವರ್ಷ ಉಂಟಲ್ಲ, ಸಂಘ ಬೇಕಾಗುವುದು ಆವಾಗಲೇ ಅಂತ ನನಗೆ ಅನಿಸ್ತದೆ. ಮಂಗಳಗಂಗೋತ್ರಿಯಲ್ಲಿ, ಅಂದ್ರೆ ಕೊಣಾಜೆಯ ಮಂಗಳೂರು ವಿವಿ ಕ್ಯಾಂಪಸ್‌ನಲ್ಲಿ, ಕೆಮಿಸ್ಟ್ರಿ ಮುಗಿಸಿ ನಮ್ಮ ಹುಡುಗಿಯರು ಬೆಂಗಳೂರಿಗೆ ಬರುವುದು ಒಂದು ಬ್ಯಾಗ್ ಹಿಡ್ಕೊಂಡು, ಜಿಗಣಿಯಲ್ಲೋ ಬೊಮ್ಮಸಂದ್ರದಲ್ಲೋ ಕಂಪೆನಿ, ಪಿಜಿ ಯಾವುದು ಒಳ್ಳೇದು, ಅಡ್ವಾನ್ಸ್ ವಾಪಸ್ ಕೊಡ್ತಾರಾ, ರಾತ್ರಿ ಶಿಫ್ಟಿಗೆ ಕ್ಯಾಬ್ ಉಂಟಾ, ಯಾರ ಹತ್ರ ಕೇಳುವುದು? ನಾವು ಏರಿಯಾ ಏರಿಯಾಕ್ಕೆ ಒಬ್ಬೊಬ್ಬರ ನಂಬರ್ ಬರೆದು ಪಾಸ್ ಆಗಿ ಹೊರಡುವ ಬ್ಯಾಚಿಗೆ ಮೊದಲೇ ಕೊಡ್ತೇವೆ. ಬಂದವರಿಗೆ ಮೊದಲ ಒಂದು ವಾರ ಉಳ್ಕೊಳ್ಳಿಕ್ಕೆ ಯಾರದ್ದಾದ್ರೂ ರೂಮ್ ಸಿಗ್ತದೆ. ಇದಕ್ಕೆ ದುಡ್ಡೂ ಬೇಡ ಹಾಲೂ ಬೇಡ.

ವಾಟ್ಸಾಪ್‌ನಲ್ಲಿ ಒಂದು ಗ್ರೂಪ್ ಮಾಡಿ ಎಲ್ಲ ಅದಕ್ಕೇ ಸುರಿದ್ರೆ ಸುಪ್ರಭಾತ, ರಾಜಕೀಯ, ಜಗಳ ಮಾತ್ರ ಉಳಿಯುವುದು. ನಮ್ಮದು ಎರಡು, ಒಂದರಲ್ಲಿ ಅಡ್ಮಿನ್ ಮಾತ್ರ ಹಾಕುವುದು, ಸೂಚನೆಗೆ, ಇನ್ನೊಂದು ಕೆಲಸದ ವಿಷಯಕ್ಕೆ, ನೆಟ್, ಕೆಸೆಟ್‌ನಂಥ ಲೆಕ್ಚರರ್ ಅರ್ಹತಾ ಪರೀಕ್ಷೆ, ಓಪನಿಂಗ್ ಇಂಥದ್ದು. ತಿಂಗಳ ಮೊದಲ ಭಾನುವಾರ ಯಾರದ್ದೆಲ್ಲ ಒಳ್ಳೆ ಸುದ್ದಿ ಉಂಟೋ ಎಲ್ಲ ಒಟ್ಟು ಮಾಡಿ ಒಂದೇ ಮೆಸೇಜ್. ಪಿಎಚ್‌ಡಿ ವೈವಾ ಆಯ್ತು, ಪೇಪರ್ ಬಂತು, ಸ್ವಂತ ಲ್ಯಾಬ್ ಇಟ್ರು, ಇದರ ಜೊತೆಗೇ "ಮಗುವಿಗೆ ಆರು ವರ್ಷ ಆದ ಮೇಲೆ ಪುನಃ ಕೆಲಸಕ್ಕೆ ಸೇರಿದ್ರು" ಅಂತ ಸಹ ಹಾಕ್ತೇವೆ. ಅದು ಹಾಕಿದ ದಿನ ಎಷ್ಟು ಜನ ಹುಡುಗಿಯರು ನನಗೆ ಪರ್ಸನಲ್ ಮೆಸೇಜ್ ಮಾಡಿದ್ರು ಗೊತ್ತುಂಟಾ, ಅವರಿಗೆ ಹೇಗೆ ಸಿಕ್ಕಿತು, ನಾನೂ ಟ್ರೈ ಮಾಡ್ಬಹುದಾ ಅಂತ. ಕೆಲಸ ಹೋದವರು ಗ್ರೂಪಿನಲ್ಲಿ ಹೇಳ್ಲಿಕ್ಕೆ ನಾಚಿಕೆ ಪಡ್ತಾರೆ, ಅವರಿಗೆ ಗುಟ್ಟಾಗಿ ಹೇಳ್ಲಿಕ್ಕೆ ಇಬ್ಬರು ನಂಬಿಕೆಯವರನ್ನು ಇಟ್ಕೊಳ್ಳಿ ಮೇಡಂ, ಇದು ಮಾತ್ರ ಮರೀಬೇಡಿ.

ನ್ಯೂಜೆರ್ಸಿಯಿಂದ

ನಾನೂ ಗಂಗೋತ್ರಿನೇ, ನಿಮಗಿಂತ ಸೀನಿಯರ್ ಇರ್ಬೇಕು. ದೂರ ಇರೋರ ಹತ್ರ ಬರೀ ಡೊನೇಶನ್ ಕೇಳ್ತಾರೆ, ಬೇರೆ ಕೆಲಸ ಹೇಳೋದೇ ಇಲ್ಲ. ಇಲ್ಲಿ ಪಿಎಚ್‌ಡಿಗೆ ಅಪ್ಲೈ ಮಾಡೋ ಮಕ್ಕಳ ಎಸ್‌ಒಪಿ, ಅಂದ್ರೆ ಯಾಕೆ ಓದ್ಬೇಕು ಅಂತ ಅರ್ಜಿ ಜೊತೆ ಬರೆಯೋ ಪ್ರಬಂಧ, ಓದಿ ತಿದ್ದಿಕೊಡೋದು, ಭಾನುವಾರ ಬೆಳಗ್ಗೆ ನಮಗೆ, ಸಂಜೆ ನಿಮಗೆ, ಆ ಹೊತ್ತಿಗೆ ವಿಡಿಯೋ ಕಾಲಲ್ಲಿ ಅಣಕು ಸಂದರ್ಶನ ಮಾಡೋದು, ಇಷ್ಟು ನಾವು ಸಂತೋಷವಾಗಿ ಮಾಡ್ತೀವಿ. ನಮಗೂ ಅಲ್ಲಿಂದ ಬೇಕಾಗೋದಿದೆ, ಟ್ರಾನ್ಸ್‌ಕ್ರಿಪ್ಟ್ (ವಿವಿ ಕೊಡೋ ಅಂಕಗಳ ಅಧಿಕೃತ ದಾಖಲೆ) ಬೇಕಂದ್ರೆ ಅರ್ಜಿ ಹಿಡ್ಕೊಂಡು ಓಡಾಡೋಕೆ ಮೈಸೂರಲ್ಲಿ ಯಾರಾದ್ರೂ ಇದ್ರೆ ಎಷ್ಟು ಉಪಕಾರ ಅಂತೀರಾ, ಅಪ್ಪ ಅಮ್ಮ ಇಲ್ಲದೋರಿಗೆ ಅಲ್ಲಿ ಯಾರಿದ್ದಾರೆ ಹೇಳಿ.

ಕೇಳಿದವಳಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಕೂತು ಇಷ್ಟಿಷ್ಟು ಉದ್ದ ಬರೆದಿದೀರಿ. ಮೊದಲನೇ ಸಭೆ ಜುಲೈ 27ರ ಆಸುಪಾಸಿನ ಭಾನುವಾರ ಇಡೋಣ ಅಂದ್ಕೊಂಡಿದೀವಿ, 1916ರಲ್ಲಿ ನಮ್ಮ ವಿವಿ ಶುರುವಾದ ದಿನ ಅದು. ಕುವೆಂಪು ಮಹಾರಾಜಾ ಕಾಲೇಜಲ್ಲಿ ಓದಿ, ಅಲ್ಲೇ ಪಾಠ ಮಾಡಿ, 1956ರಲ್ಲಿ ಇದೇ ವಿವಿ ಕುಲಪತಿ ಆಗಿ, ನಾವೆಲ್ಲ ಓದಿದ ಜಾಗಕ್ಕೆ ಮಾನಸಗಂಗೋತ್ರಿ ಅಂತ ಹೆಸರಿಟ್ಟೋರು, ಅವರ ಫೋಟೋ ಮುಂದೆ ಇಟ್ಟು, ಪಕ್ಕದಲ್ಲಿ ಈಚೆಗೆ ಪಾಸಾದ ಇಬ್ಬರನ್ನ ಕೂರಿಸ್ತೀವಿ. ನಮ್ಮ ಲ್ಯಾಬ್ ಅಟೆಂಡರ್ ರಿಟೈರ್ ಆಗಿ ನಂಜನಗೂಡಲ್ಲಿದ್ದಾರೆ, ನಾಳೇನೇ ಹೋಗಿ ಕರೆದು ಬರ್ತೀನಿ. ಹಾಸನದ ಸರ್, ನಿಮ್ಮ ಹತ್ರ ಬೈಲಾ ಮಾದರಿ ಕನ್ನಡದಲ್ಲಿ ಇದ್ರೆ ಕಳಿಸ್ತೀರಾ? ಧಾರವಾಡದ ಅಣ್ಣ, ರಿಜಿಸ್ಟರಲ್ಲಿ ಬರೀ ಇನಿಶಿಯಲ್ ಇದ್ದು ಊರ ಹೆಸರು ಅಳಿಸಿಹೋಗಿರೋರನ್ನ ನೀವು ಹೆಂಗೆ ಹುಡುಕಿದ್ರಿ ಅಂತಾನೂ ಬಿಡುವಾದಾಗ ಬರೀರಿ, ನಮ್ಮ ಎಪ್ಪತ್ತರ ದಶಕದ ಬ್ಯಾಚುಗಳದ್ದು ಬಹಳಷ್ಟು ಹಾಗೇ ಇದೆ.