ಚಿಕ್ಕ ಉಪ್ಪುನೀರಿನ ತೊಟ್ಟಿಯಲ್ಲಿ ಅನಿಮೋನ್ ಪ್ರತಿ ಭಾನುವಾರ ಮುದುಡುತ್ತಿದೆ: ಕಾರಣವೇನಿರಬಹುದು?

ಪ್ರಶ್ನೆ (ಬೆಂಗಳೂರಿನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಉಪ್ಪುನೀರಿನ ಅಕ್ವೇರಿಯಂ ಇದೆ. ಕಲ್ಲು, ಮರಳುಗಳ ಜಾಗವನ್ನು ಕಳೆದರೆ ಅದರಲ್ಲಿ ಸುಮಾರು 45 ಲೀಟರ್ ನೀರಿದೆ. ತೊಟ್ಟಿಗೆ ಹನ್ನೊಂದು ತಿಂಗಳಾಗಿದ್ದು, ಒಂದು ಜೋಡಿ ಕ್ಲೌನ್ ಮೀನುಗಳಿವೆ. ಮೂರು ತಿಂಗಳ ಹಿಂದೆ ಒಂದು ಬಬಲ್ ಟಿಪ್ ಅನಿಮೋನ್ (ಕಲ್ಲಿಗೆ ಅಂಟಿಕೊಂಡು ಹೂವಿನಂತೆ ಅರಳುವ ಕಡಲಜೀವಿ) ತಂದೆವು. ಮೊದಲ ತಿಂಗಳು ಅದು ಅಂಗೈಯಷ್ಟು ಅಗಲವಾಗಿ, ಕಂದು ಬಣ್ಣದಲ್ಲಿ ಅರಳಿ ನಿಲ್ಲುತ್ತಿತ್ತು. ಈಗ ಗಾತ್ರ ಅರ್ಧಕ್ಕಿಳಿದಿದೆ, ಬಣ್ಣವೂ ಬಿಳಿಚಿಕೊಂಡಿದೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಇನ್ನೊಂದು ಸಂಗತಿ. ಭಾನುವಾರ ಸಂಜೆಯ ಹೊತ್ತಿಗೆ ಅದು ಪೂರ್ತಿ ಮುದುಡಿ, ಮಂಗಳವಾರದವರೆಗೆ ಹಾಗೆಯೇ ಇದ್ದು, ಆಮೇಲೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಮುಂದಿನ ಭಾನುವಾರ ಮತ್ತೆ ಅದೇ ಕಥೆ. ಆ ದಿನ ನಾನು ಗಾಜು ಒರೆಸಿ, ವಾರದಲ್ಲಿ ಆವಿಯಾಗಿ ಹೋದ ಸುಮಾರು 5 ಲೀಟರ್ ನೀರಿನ ಬದಲಿಗೆ ಅಡುಗೆಮನೆಯ ಆರ್‌ಓ ನೀರನ್ನು ತುಂಬಿಸಿ, ಅನಂತರ ಎಲ್ಲವನ್ನೂ ಪರೀಕ್ಷಿಸುತ್ತೇನೆ. ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ, ನೈಟ್ರೇಟ್ 20, ಲವಣಾಂಶ ಸಾವಿರಕ್ಕೆ 35, ಉಷ್ಣತೆ 26 ಡಿಗ್ರಿ. ಮಾರ್ಚ್‌ನಿಂದ ನೀರಿನ ಮೇಲೆ ಫ್ಯಾನ್ ಇಟ್ಟಿದ್ದೇನೆ. ದಿನವೂ ಒಂದು ಸೀಗಡಿ ತುಂಡು ತಿನ್ನಿಸುತ್ತಿದ್ದೇನೆ. ಅಂಗಡಿಯವರು ಒಂದು ಪೋಷಕ ದ್ರಾವಣ ಮತ್ತು ಇನ್ನಷ್ಟು ಪ್ರಖರವಾದ ದೀಪ ಕೊಳ್ಳಲು ಹೇಳುತ್ತಿದ್ದಾರೆ. ಈ ಜೀವ ನನ್ನ ಕೈಯಲ್ಲಿ ಸಾಯಬಾರದೆಂಬುದೇ ನನ್ನ ಕಳಕಳಿ. ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ (ಮೈಸೂರಿನಿಂದ)

ನೀವು ವಾರದ ದಿನವನ್ನು ಗಮನಿಸಿ ಬರೆದದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಕಾರಣ ಅಲ್ಲಿಯೇ ಇದೆಯೆಂದು ನನಗನ್ನಿಸುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. 45 ಲೀಟರಿನಲ್ಲಿ 5 ಲೀಟರ್ ಹೋದರೆ, ಸಾವಿರಕ್ಕೆ 35 ಇದ್ದ ಲವಣಾಂಶ ಶನಿವಾರ ರಾತ್ರಿಯ ವೇಳೆಗೆ 39ನ್ನು ದಾಟಿರುತ್ತದೆ. ಭಾನುವಾರ ನೀವು ಐದು ಲೀಟರ್ ಸಿಹಿನೀರನ್ನು ಒಮ್ಮೆಲೇ ಸುರಿದಾಗ ಅದು ಕೆಲವೇ ನಿಮಿಷಗಳಲ್ಲಿ 35ಕ್ಕೆ ಇಳಿಯುತ್ತದೆ. ನೀವು ಅಳೆಯುವುದು ಆಮೇಲೆ, ಆದ್ದರಿಂದ ಪುಸ್ತಕದಲ್ಲಿ ಬರೆದಿಡುವ ಅಂಕಿ ಪ್ರತಿ ವಾರವೂ ಸರಿಯಾಗಿಯೇ ಕಾಣುತ್ತದೆ.

ಮೀನು ತನ್ನ ಮೈಯೊಳಗಿನ ಉಪ್ಪನ್ನು ಒಂದು ಮಟ್ಟಿಗೆ ನಿಯಂತ್ರಿಸಿಕೊಳ್ಳಬಲ್ಲದು. ಅನಿಮೋನಿಗೆ ಆ ಶಕ್ತಿಯಿಲ್ಲ. ಸುತ್ತಲಿನ ನೀರು ಹೇಗೋ ಅದರ ಒಡಲೂ ಹಾಗೆ. ಸಮುದ್ರದಲ್ಲಿ ವಾರಗಟ್ಟಲೆ ಬದಲಾಗದ ಲವಣಾಂಶಕ್ಕೆ ಹೊಂದಿಕೊಂಡ ಜೀವಕ್ಕೆ ಈ ಏರಿಳಿತ ಬಲವಾದ ಪೆಟ್ಟು. ದೊಡ್ಡ ತೊಟ್ಟಿಯವರು ಇದನ್ನು ಅಷ್ಟಾಗಿ ಅನುಭವಿಸುವುದಿಲ್ಲ, ನಮ್ಮಂತಹ ಚಿಕ್ಕ ತೊಟ್ಟಿಯವರಿಗೆ ಇದೇ ಮುಖ್ಯ ಸಮಸ್ಯೆ. ನೀವಿಟ್ಟ ಫ್ಯಾನ್ ನೀರನ್ನು ತಂಪು ಮಾಡುವುದೇ ಆವಿಯಾಗಿಸುವ ಮೂಲಕ, ಆದ್ದರಿಂದ ಬೇಸಿಗೆಯಲ್ಲಿ ನಷ್ಟ ಇನ್ನೂ ಹೆಚ್ಚು.

ಹೀಗೆ ಮಾಡಿ. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ಗುರುತು ಅಂಟಿಸಿ, ದಿನಕ್ಕೆ ಎರಡು ಸಲ ಆ ಗುರುತಿನವರೆಗೆ ಸ್ವಲ್ಪಸ್ವಲ್ಪವೇ ಸಿಹಿನೀರು ಸೇರಿಸಿ. ನಾನು ಔಷಧಿ ಅಂಗಡಿಯಲ್ಲಿ ಸಿಗುವ ಡ್ರಿಪ್ ನಳಿಕೆಯನ್ನು ಎತ್ತರದಲ್ಲಿಟ್ಟ ಡಬ್ಬಿಗೆ ಜೋಡಿಸಿ, ರಾತ್ರಿಯಿಡೀ ಹನಿಹನಿಯಾಗಿ ಬೀಳುವಂತೆ ಮಾಡಿದ್ದೇನೆ. ಡಬ್ಬಿಯಲ್ಲಿ ಒಂದು ದಿನಕ್ಕೆ ಬೇಕಾದಷ್ಟೇ ನೀರು ಇಡಬೇಕು, ಆಗ ನಳಿಕೆಯ ಕೀಲಿ ಸಡಿಲವಾದರೂ ಅನಾಹುತವಾಗುವುದಿಲ್ಲ. ಅಡುಗೆಮನೆಯ ಆರ್‌ಓ ನೀರನ್ನೂ ಒಮ್ಮೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಮೀಟರಿನಿಂದ ಪರೀಕ್ಷಿಸಿ. ಕುಡಿಯುವ ನೀರಿಗೆ ರುಚಿ ಬರಲೆಂದು ಅನೇಕ ಯಂತ್ರಗಳಲ್ಲಿ ಸ್ವಲ್ಪ ಮೂಲನೀರನ್ನೇ ಮರಳಿ ಬೆರೆಸುತ್ತಾರೆ, ನಮಗೆ ಬೇಕಾದದ್ದು ಸೊನ್ನೆಗೆ ಹತ್ತಿರದ ನೀರು.

ಉತ್ತರ (ಮಂಗಳೂರಿನಿಂದ)

ಮೇಲಿನವರ ಲೆಕ್ಕವನ್ನು ಒಪ್ಪುತ್ತೇನೆ. ಬಣ್ಣ ಬಿಳಿಚಿದ ಬಗ್ಗೆ ನನ್ನದೊಂದು ಮಾತು. ಅನಿಮೋನಿನ ಕಂದು ಬಣ್ಣ ಅದರ ಒಡಲಲ್ಲಿ ವಾಸಿಸುವ ಸೂಕ್ಷ್ಮ ಪಾಚಿಗಳದ್ದು. ಆ ಪಾಚಿಗಳು ಬೆಳಕಿನಿಂದ ತಯಾರಿಸುವ ಆಹಾರದ ಬಹುಪಾಲು ಅನಿಮೋನಿಗೆ ಸಲ್ಲುತ್ತದೆ. ಒತ್ತಡಕ್ಕೆ ಸಿಲುಕಿದಾಗ ಅದು ಪಾಚಿಗಳನ್ನೇ ಹೊರಹಾಕುತ್ತದೆ, ಬಿಳಿಚಿಕೊಳ್ಳುವುದೆಂದರೆ ಇದೇ. ಈ ಸ್ಥಿತಿಯಲ್ಲಿ ಏಕಾಏಕಿ ಪ್ರಖರ ದೀಪ ಹಾಕಿದರೆ ಉಳಿದ ಪಾಚಿಗಳಿಗೂ ಹಾನಿ. ದೀಪ ಬದಲಿಸಲೇಬೇಕಾದರೆ ಕಡಿಮೆ ಪ್ರಮಾಣದಿಂದ ಆರಂಭಿಸಿ, ಮೂರು ವಾರಗಳಲ್ಲಿ ನಿಧಾನವಾಗಿ ಏರಿಸಿ. ಪೋಷಕ ದ್ರಾವಣದ ಅಗತ್ಯ ನನಗೆ ಕಾಣುವುದಿಲ್ಲ.

ದಿನವೂ ತಿನ್ನಿಸುವುದನ್ನು ಮಾತ್ರ ಇಂದೇ ನಿಲ್ಲಿಸಿ. ಅನಿಮೋನಿಗೆ ಆಹಾರ ಹೋಗುವುದಕ್ಕೂ ತ್ಯಾಜ್ಯ ಬರುವುದಕ್ಕೂ ಇರುವುದು ಒಂದೇ ಬಾಯಿ, ಜೀರ್ಣವಾಗದ್ದನ್ನು ಅದು ಉಗುಳಿಬಿಡುತ್ತದೆ, ಅದು ನೀರಿನಲ್ಲೇ ಕೊಳೆಯುತ್ತದೆ. ನಿಮ್ಮ ನೈಟ್ರೇಟ್ 20ಕ್ಕೆ ಏರಿರುವುದಕ್ಕೆ ಅದೂ ಒಂದು ಕಾರಣವಿರಬಹುದು. ಬಟಾಣಿ ಕಾಳಿನಷ್ಟು ಸೀಗಡಿ, ವಾರಕ್ಕೆ ಎರಡು ಸಲ ಸಾಕು.

ಸ್ಕಾಟ್ಲೆಂಡಿನಲ್ಲಿ ಜಾನ್ ಡಾಲಿಯೆಲ್ ಎಂಬ ನಿಸರ್ಗತಜ್ಞರು 1828ರಲ್ಲಿ ಕಡಲತೀರದಿಂದ ತಂದ ಒಂದು ಅನಿಮೋನ್, ಗಾಜಿನ ಜಾಡಿಯಲ್ಲೇ 1887ರವರೆಗೆ ಬದುಕಿತ್ತು. ಅದನ್ನು ಅವರ ನಂತರದವರೂ ಪ್ರೀತಿಯಿಂದ ‘ಗ್ರ್ಯಾನಿ’ ಎಂದು ಕರೆದು ಸಾಕಿದರು. ಅದು ತಣ್ಣೀರಿನ ಬೇರೆ ಜಾತಿ, ಒಡಲಲ್ಲಿ ಪಾಚಿಯಿಲ್ಲದ್ದು, ಆದ್ದರಿಂದ ನಿಮ್ಮದರೊಂದಿಗೆ ನೇರ ಹೋಲಿಕೆ ಸಲ್ಲದು. ಆದರೂ ಅಂಗಡಿಯವರು “ಇವು ಆರು ತಿಂಗಳಿಗಿಂತ ಹೆಚ್ಚು ಬದುಕುವುದಿಲ್ಲ” ಎಂದರೆ ನಂಬಬೇಡಿ.

ನಮ್ಮೂರಿನವರಿಗೂ ಒಂದು ಸೂಚನೆ: ಕಡಲು ಹತ್ತಿರವಿದೆಯೆಂದು ಮಳೆಗಾಲದಲ್ಲಿ ಅಳಿವೆಯ ಬಳಿಯ ನೀರು ತರಬೇಡಿ. ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಸಿಹಿನೀರು ಬೆರೆತು ಲವಣಾಂಶ ಬಹಳ ಇಳಿದಿರುತ್ತದೆ.

ಪ್ರಶ್ನಿಸಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಈ ಶನಿವಾರ ರಾತ್ರಿ, ನೀರು ತುಂಬಿಸುವ ಮೊದಲೇ ಅಳೆದೆ: ಲವಣಾಂಶ 39 ಇತ್ತು. ಆರ್‌ಓ ನೀರಿನ ಟಿಡಿಎಸ್ 62 ಬಂತು. ಇಷ್ಟು ದಿನ ನಾನೇ ಅದಕ್ಕೆ ನೋವು ಕೊಡುತ್ತಿದ್ದೆನೆಂದು ತಿಳಿದು ಬಹಳ ಬೇಸರವಾಯಿತು. ಈಗ 39ರಿಂದ ಕೆಳಗಿಳಿಸುವುದು ಹೇಗೆ? ಕ್ಲೌನ್ ಮೀನುಗಳು ಅದರ ಮೇಲೆ ಹೊರಳಾಡುತ್ತಲೇ ಇರುತ್ತವೆ, ಅವನ್ನು ಬೇರ್ಪಡಿಸಬೇಕೆ?

ಉತ್ತರ (ಮೈಸೂರಿನಿಂದ)

ದಿನಕ್ಕೆ ಸುಮಾರು 700 ಮಿಲಿ ಲೀಟರ್ ಆವಿಯಾಗುತ್ತಿದೆ, ಆದ್ದರಿಂದ ದಿನಕ್ಕೆ ಒಂದೂವರೆ ಲೀಟರ್ ಹನಿಸಿದರೆ ಆರು ದಿನಗಳಲ್ಲಿ ಹಳೆಯ ಮಟ್ಟಕ್ಕೆ ಬರುತ್ತದೆ. ಆಮೇಲೆ ಪ್ರಮಾಣವನ್ನು 700ಕ್ಕೆ ಇಳಿಸಿ. ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಬರಿಯ ನೀರಿನಿಂದ ಸರಿಹೊಂದಿಸದೆ, 35ರ ಪ್ರಮಾಣಿತ ದ್ರಾವಣದಿಂದಲೇ ಸರಿಹೊಂದಿಸಿ.

ಮೀನುಗಳನ್ನು ಒಂದು ತಿಂಗಳು ತೊಟ್ಟಿಯೊಳಗೇ ಜಾಲರಿಯ ಪೆಟ್ಟಿಗೆಯಲ್ಲಿಡುವುದು ಒಳ್ಳೆಯದು. ಅನಿಮೋನ್ ಇಲ್ಲದೆಯೂ ಅವು ಸುಖವಾಗಿರುತ್ತವೆ, ಸೊರಗಿದ ಅನಿಮೋನಿಗೆ ಮಾತ್ರ ಅವುಗಳ ಒಡನಾಟ ಭಾರ. ವೇವ್‌ಮೇಕರಿಗೆ (ತೊಟ್ಟಿಯಲ್ಲಿ ನೀರನ್ನು ಚಲಿಸುವ ಪಂಪು) ಸ್ಪಂಜಿನ ಕವಚವಿಲ್ಲದಿದ್ದರೆ ಇವತ್ತೇ ಹಾಕಿ, ಏಕೆಂದರೆ ನೆಲೆ ಹಿಡಿಸದ ಅನಿಮೋನ್ ರಾತ್ರಿ ಜಾಗ ಬದಲಿಸುವಾಗ ಅದಕ್ಕೆ ಸಿಲುಕಿ ಛಿದ್ರವಾಗುತ್ತದೆ. ಅದರ ಪಾದ ಕಲ್ಲಿಗೆ ಅಂಟಿರುವವರೆಗೆ ಕೀಳಲು ಹೋಗಬೇಡಿ. ಬಾಯಿ ತೆರೆದೇ ಉಳಿದು, ಪಾದ ಕಳಚಿ, ಮೈ ಲೋಳೆಯಂತೆ ಕರಗಿ ಕೆಟ್ಟ ವಾಸನೆ ಬಂದರೆ ಮಾತ್ರ ತಡಮಾಡದೆ ಹೊರತೆಗೆದು, ಅಂದೇ ನೀರಿನ ಒಂದು ಭಾಗವನ್ನು ಬದಲಿಸಿ, ನೀರು ಶುದ್ಧಗೊಳಿಸುವ ಹೊಸ ಇದ್ದಿಲು ಹಾಕಿ. ಪಾದ ಇನ್ನೂ ಬಿಗಿಯಾಗಿದೆಯೇ? ಆರು ದಿನಗಳ ನಂತರದ ಅಳತೆಯೊಂದಿಗೆ ಅದನ್ನೂ ತಿಳಿಸಿ.